ಚಹಾ ಹೆಂಗರ ಮಾಡ್ರಿ, ಊಟದ ಬದಲಿ ಮಾತ್ರ ಕುಡೀಬ್ಯಾಡ್ರಿ

ನಾಲ್ಕು ಮಂದಿ ಹೆಣ್ಣಮಕ್ಕಳು ಒಂದು ಅಡಗಿಮನ್ಯಾಗ ಕೂಡಿದ್ರ ಚಹಾದ ಮ್ಯಾಲೆ ಒಂದು ವಾದ ಆಗೇ ಆಗ್ತದ. ಒಬ್ಬಾಕಿ ಹಾಲು-ನೀರು ಸಮಾ ಹಾಕಿ ಕೂಡೇ ಕುದಸಬೇಕು ಅಂತಾಳ. ಇನ್ನೊಬ್ಬಾಕಿ ನೀರಾಗ ಪುಡಿ ಕುದ್ದ ಮ್ಯಾಲೇ ಹಾಲು ಅಂತಾಳ. ಸಕ್ರಿ ಮದಲೋ ಪುಡಿ ಮದಲೋ, ಶುಂಠಿ ಜಜ್ಜಿ ಹಾಕಬೇಕೋ ಹೆರದು ಹಾಕಬೇಕೋ, ಯಾಲಕ್ಕಿ ಸಿಪ್ಪಿ ಇರಲೋ ಬ್ಯಾಡೋ, ಒಂದು ಉಕ್ಕು ಬರಬೇಕೋ ಮೂರೋ. ಈ ವಾದದಾಗ ಯಾರೂ ಸೋತಿದ್ದನ್ನ ನಾ ನೋಡಿಲ್ಲ.

ಇತ್ತೀಚೆಗೆ ಈ ವಾದಕ್ಕ ಹೊಸಾ ಮಂದಿ ಬಂದು ಕೂಡ್ಯಾರ. ಹೊರದೇಶದಿಂದ ಸೂಟಿಗೆ ಬಂದ ಹುಡುಗರು "ಹಾಲು ಹಾಕಿ ಕುದಿಸಿದ್ದು ಟೀನೇ ಅಲ್ಲ ಅತ್ಯಾ, ಅದು ಪಾಯಸ" ಅಂತಾವ. ಗ್ರೀನ್ ಟೀ ಪಾಕೀಟು ಪರ್ಸಿನಾಗ ಇಟಗೊಂಡು ಅಡ್ಡಾಡೋ ವೈನಿಯವರು "ನಂಗ ಬರೇ ಬಿಸಿನೀರು ಕೊಡ್ರಿ ಸಾಕು" ಅಂದು ನಮ್ಮ ಪಾತೇಲಿ ಕಡೆ ಒಂಥರಾ ನೋಡ್ತಾರ. ಫೋನಿನಾಗ ದಿನಾ ಮುಂಜಾನೆ ಒಂದು ಸುದ್ದಿ ಬರ್ತದ, ಚಹಾ ಅಂದ್ರ ವಿಷ ಅಂತ. ಅದನ್ನ ಓದಿಕೋತನ ಎಲ್ಲಾರೂ ಚಹಾ ಕುಡೀತಿರ್ತಾರ, ಆ ಮಾತು ಬ್ಯಾರೆ.

ನನ್ನ ಮಾತು ಇಷ್ಟ. ಚಹಾ ಹೆಂಗ ಮಾಡಬೇಕು ಅನ್ನೋದು ಜಗಳಾ ಮಾಡೋ ವಿಷಯ ಅಲ್ಲ. ಜಗಳಾ ಮಾಡೋ ವಿಷಯ ಬ್ಯಾರೆನೇ ಅದ. ನಮ್ಮ ಮನೀ ಹೆಣ್ಣಮಕ್ಕಳು ಚಹಾ ಯಾವಾಗ ಕುಡೀತಾರ, ಯಾತರ ಬದಲಿ ಕುಡೀತಾರ ಅನ್ನೋದರ ಮ್ಯಾಲೆ ಜಗಳಾ ಆಗಬೇಕು. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಂಗಿಲ್ಲ.

ಮದಲ ಈ "ಹೆಂಗ" ಅನ್ನೋದನ್ನ ಮುಗಿಸಿಬಿಡೋಣ.

ನಾವು ಅಂಗಡಿಯಿಂದ ತರೋ ಚಹಾಪುಡಿ ಸಣ್ಣ ಸಣ್ಣ ಕಾಳಿನಂಗ ಇರ್ತದಲ್ಲ, ಅದಕ್ಕ ಸಿಟಿಸಿ ಚಹಾ ಅಂತಾರ. ಹಲ್ಲಿನ ರೋಲರಿನ ನಡುವ ಎಲಿ ಹಾಕಿ ಜಜ್ಜಿ, ಹರದು, ಸುರುಳಿ ಮಾಡಿರ್ತಾರ. ಈ ಮಷೀನು ಹುಟ್ಟಿದ್ದು 1930ರ ಸುಮಾರಿಗೆ, ಆಸ್ಸಾಮಿನಾಗ. ನಮ್ಮ ದೇಶದಾಗ ಆಗೋ ಚಹಾದಾಗ ಬಹುಪಾಲು ಇದೇ. ಇದು ಲಗೂ ಬಣ್ಣಾ ಬಿಡ್ತದ, ಕಡಕ್ ಆಗ್ತದ, ಹಾಲು ಸಕ್ರಿ ಎಷ್ಟ ಹಾಕಿದ್ರೂ ತಡಕೊಳ್ತದ. ಇದನ್ನ ಕುದಿಸಿ ಕುಡಿಯೋದ್ರಾಗ ಏನೂ ತಪ್ಪಿಲ್ಲ. ಡಾರ್ಜಿಲಿಂಗಿನ ಉದ್ದ ಎಲಿ ಬ್ಯಾರೆ. ಅದನ್ನ ಹಾಲಿನಾಗ ಕುದಿಸಿದ್ರ ಪರಿಮಳ ಹಾರಿ ಹೋಗಿ ಬರೇ ಒಗರು ಉಳೀತದ. ಅದಕ್ಕ ಬಿಸಿನೀರು ಹಾಕಿ ಮುಚ್ಚಿಟ್ಟು ಮೂರು-ನಾಲ್ಕು ನಿಮಿಷಕ್ಕ ಸೋಸಿಬಿಡಬೇಕು. ಗ್ರೀನ್ ಟೀಗೆ ತಳಪಳ ಕುದಿಯೋ ನೀರು ಹಾಕಿದ್ರ ಕಹಿ ಆಗ್ತದ, ನೀರು ಸ್ವಲ್ಪ ಆರಬೇಕು. ಅಂದ್ರ ಎಲಿ ಹೆಂಗೋ ಮಾಡೋ ರೀತಿ ಹಂಗ. ಜ್ವಾಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ನಾದತೀವಿ, ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ಕಲಸ್ತೀವಿ. ರೊಟ್ಟಿ ಬಡಿಯಾಕಿ ಚಪಾತಿ ಲಟ್ಟಿಸ್ಯಾಕಿಗೆ "ನಿಂದು ತಪ್ಪು" ಅಂತಾಳೇನು?

ಚಹಾಕ್ಕ ಕಾಯ್ದೆ ಮಾಡಲಿಕ್ಕೆ ಹೋದವರ ಕಥಿ ಕೇಳ್ರಿ, ನಗಿ ಬರ್ತದ. ಇಂಗ್ಲಂಡಿನ ಬರಹಗಾರ ಜಾರ್ಜ್ ಆರ್ವೆಲ್ 1946ರಾಗ ಪೇಪರಿನ್ಯಾಗ ಛಲೋ ಚಹಾ ಮಾಡೋದಕ್ಕ ಹನ್ನೊಂದು ನಿಯಮ ಬರದಾನ. ಕಪ್ಪಿಗೆ ಮದಲ ಚಹಾ ಸುರೀಬೇಕು, ಆಮ್ಯಾಲೆ ಹಾಲು. ಸಕ್ರಿ ಅಂತೂ ಹಾಕಲೇಬಾರದು ಅಂತ. ಅವರೊಳಗ ಹಾಲು ಮದಲೋ ಚಹಾ ಮದಲೋ ಅನ್ನೋ ಜಗಳಾ ಇನ್ನೂ ಮುಗದಿಲ್ಲ. 1980ರಾಗ ಅಲ್ಲಿನ ಮಾನಕ ಸಂಸ್ಥೆ ಆರು ಪುಟದ ಒಂದು ಮಾನಕನ ಮಾಡ್ತು: 100 ಮಿ.ಲೀ. ನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಅದು ಖರೇ ಅಂದ್ರ ಚಹಾದ ರುಚಿ ತಾಳೆ ನೋಡೋ ಪರಿಣಿತರ ಸಲುವಾಗಿ ಮಾಡಿದ್ದು, ಮನೀ ಸಲುವಾಗಿ ಅಲ್ಲ. ಆದ್ರೂ 1999ರಾಗ ಅದಕ್ಕ ಇಗ್ ನೊಬೆಲ್ ಅನ್ನೋ ಚಾಷ್ಟಿ ಬಹುಮಾನ ಸಿಕ್ತು.

ನಮಗೂ ಆ ಮಂದಿ ಕಲಿಸಲಿಕ್ಕೆ ಬಂದಿದ್ರು. ಚಹಾ ನಮ್ಮ ಅಜ್ಜಿ-ಮುತ್ತಜ್ಜಿ ಕಾಲದಿಂದ ಬಂದದ್ದು ಅಂತೀವಲ್ಲ, ನಮ್ಮ ಕಡೆ ಸಾಮಾನ್ಯರ ಮನೀಗೆ ಅದು ಬಂದು ನೂರು ವರ್ಷ ಆಗಿರಬೇಕು ಅಷ್ಟ. 1903ರಾಗ ಬ್ರಿಟಿಷ್ ಸರಕಾರ ಚಹಾದ ಮ್ಯಾಲೆ ಸೆಸ್ ಹಾಕೋ ಕಾಯ್ದೆ ಮಾಡ್ತು. ಆ ರೊಕ್ಕದಾಗ ಚಹಾದ ಪ್ರಚಾರ ನಡೀತು. ರೈಲ್ವೆ ಸ್ಟೇಶನ್ನಿನಾಗ ಅಂಗಡಿ ತೆಗಿಸಿದ್ರು, ತಗಡಿನ ಬೋರ್ಡಿನ ಮ್ಯಾಲೆ ಚಹಾ ಮಾಡೋ ರೀತಿ ಚಿತ್ರಾ ಬರದು ಹಚ್ಚಿದ್ರು, ಮನೀ ಮನೀಗೆ ಹೋಗಿ ಪುಕ್ಕಟೆ ಕುಡಿಸಿದ್ರು. ಅವರ ರೀತಿ ಅಂದ್ರ ಕಿಟ್ಲಿ ಬಿಸಿ ಮಾಡು, ಪುಡಿ ಹಾಕು, ಕುದಿಯೋ ನೀರು ಸುರುವು, ಮುಚ್ಚಿಡು, ಆಮ್ಯಾಲೆ ಸ್ವಲ್ಪ ಹಾಲು. ನಮ್ಮ ಮಂದಿ ಎಲ್ಲಾ ಕೇಳಿಸಿಕೊಂಡ್ರು, ಮನೀಗೆ ಬಂದು ಹಾಲು, ಸಕ್ರಿ, ಶುಂಠಿ, ಯಾಲಕ್ಕಿ ಹಾಕಿ ಗಳಗಳ ಕುದಿಸಿದ್ರು. ಪುಡಿ ಕಡಿಮಿ ಹಿಡೀತು, ರುಚಿ ಹೆಚ್ಚಾತು. ಪುಡಿ ಮಾರೋರಿಗೆ ಇದು ಬ್ಯಾಡಾಗಿತ್ತು. ಅದಕ್ಕ ಹಾಲು ಹಾಕಿ ಕುದಿಸೋದು ತಪ್ಪು ಅನ್ನೋರಿಗೆ ನಾ ಹೇಳೋದು: ಈ ಮಾತು ಹೊಸಾದಲ್ಲಪಾ, ನೂರು ವರ್ಷದ್ದು. ಆವಾಗೂ ನಾವು ಕೇಳಲಿಲ್ಲ.

ಬ್ಯಾರೆ ಮಂದಿ ಚಹಾನೂ ಹಂಗ, ಅವರವರ ಹವಾ, ಅವರವರ ಹೊಟ್ಟಿ, ಅವರವರ ಕಿಸೆ ನೋಡಿ ಹುಟ್ಟಿದ್ದು. ಹುಬ್ಬಳ್ಳಿಗೆ ಸಮೀಪದ ಮುಂಡಗೋಡದಾಗ 1966ರಿಂದ ಟಿಬೆಟಿನ ಮಂದಿ ಇದ್ದಾರ. ಅವರ ಚಹಾಕ್ಕ ಬೆಣ್ಣಿ, ಉಪ್ಪು ಹಾಕಿ ಕಡೀತಾರ. ನೋಡಲಿಕ್ಕೆ ಹೋದ ನಮ್ಮ ಹೆಣ್ಣಮಕ್ಕಳು ಒಂದು ಗುಟುಕು ಕುಡದು ಮಾರಿ ಕಿವುಚಿಕೊಂಡು ಬರ್ತಾರ. ಅವರ ದೇಶದ ಥಂಡಿಗೆ, ಅಲ್ಲಿನ ಒಣಾ ಹವಾಕ್ಕ ಮೈಯಾಗ ಜಿಡ್ಡು ಬೇಕು, ಅದಕ್ಕ ಆ ಚಹಾ. ಕಾಶ್ಮೀರದಾಗ ಚಹಾದ ಎಲಿಗೆ ಸ್ವಲ್ಪ ಸೋಡಾ ಹಾಕಿ ತಾಸುಗಟ್ಲೆ ಕುದಿಸಿ ಗುಲಾಬಿ ಬಣ್ಣದ ಉಪ್ಪಿನ ಚಹಾ ಮಾಡ್ತಾರ, ರೊಟ್ಟಿ ಜೋಡಿ ಕುಡೀತಾರ. ಭಟ್ಕಳದ ಕಡೆ ಬಿರಿಯಾನಿ ಉಂಡ ಮ್ಯಾಲೆ ಹಾಲಿಲ್ಲದ ಸುಲೇಮಾನಿ, ಲಿಂಬಿಹಣ್ಣು ಹಿಂಡಿ. ಹೈದರಾಬಾದಿನ ಇರಾಣಿ ಹೋಟೆಲಿನಾಗ ಹಾಲು ಬ್ಯಾರೆ ಕಾಸಿ ಕಾಸಿ ಗಟ್ಟಿ ಮಾಡ್ತಾರ, ಡಿಕಾಕ್ಷನ್ ಬ್ಯಾರೆ ಮಾಡಿ ಎರಡೂ ಕಪ್ಪಿನಾಗ ಕೂಡಿಸ್ತಾರ. ಇವರೊಳಗ ಯಾರ್ದು ಖರೇ ಚಹಾ, ಯಾರ್ದು ಸುಳ್ಳು? ಎಲ್ಲಾರ್ದೂ ಖರೇನ.

ನಮ್ಮ ಕಡೀದೂ ಹಂಗ. ಹಿತ್ತಲದಾಗಿನ ಗವತಿ ಚಹಾದ ನಾಲ್ಕು ಎಲಿ ಹರದು ಹಾಕಿದ್ರ ಮಳಿಗಾಲದ ಮುಂಜಾನೆ ಮನಿಯೆಲ್ಲಾ ಘಮಾ ಅಂತದ. ಬೆಲ್ಲದ ಚಹಾ ಮಾಡೋರು ಒಲಿ ಆರಿಸಿದ ಮ್ಯಾಲೆ ಬೆಲ್ಲಾ ಹಾಕಬೇಕು, ಇಲ್ಲಾಂದ್ರ ಹಾಲು ಒಡೀತದ, ಇದನ್ನ ನಿಮಗ ಹೇಳೋದು ಬ್ಯಾಡ. ಬಸಿಯೊಳಗ ಸುರುವಿಕೊಂಡು ಊದಿ ಊದಿ ಸೊರ್ ಅಂತ ಕುಡಿಯೋ ಹಿರಿಯರನ್ನ ಈಗಿನ ಹುಡುಗರು ನೋಡಿ ನಗ್ತಾರ. ನಗಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಾಗ ಹೇಳೇದ, 65 ಡಿಗ್ರಿಗಿಂತ ಹೆಚ್ಚು ಬಿಸಿ ಇರೋದನ್ನ ಕುಡಿಯೋದು ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಅಂತ. ನಮ್ಮ ಬಸಿ ಆ ಬಿಸಿ ಇಳಿಸೋ ಸಾಮಾನು. ಸೊರ್ ಅನ್ನೋ ಆವಾಜಿಗೆ ಏನು ಮಾಡಬೇಕು ಅದನ್ನ ನೀವ ನೋಡಿಕೊಳ್ರಿ.

ಇಲ್ಲಿಗೆ ಹೆಂಗ ಅನ್ನೋದು ಮುಗೀತು. ಕಡಕ್ ಮಾಡ್ರಿ, ಫಿಕ್ಕಾ ಮಾಡ್ರಿ, ನಿಮ್ಮ ಮನಿ, ನಿಮ್ಮ ಪಾತೇಲಿ.

ಈಗ ನನ್ನ ಸಿಟ್ಟಿನ ಮಾತಿಗೆ ಬರ್ತೀನಿ.

ನಮ್ಮ ಓಣ್ಯಾಗಿನ ಒಬ್ಬಾಕಿಗೆ ಮೊನ್ನೆ ಮೆಟ್ಟಲ ಹತ್ತೋ ಮುಂದ ಕಣ್ಣಿಗೆ ಕತ್ಲಿ ಬಂತು. ದವಾಖಾನಿಗೆ ಹೋಗಿ ರಕ್ತಾ ತಪಾಸಿದ್ರ ಹಿಮೋಗ್ಲೋಬಿನ್ 8. ಹೆಣ್ಣಮಕ್ಕಳಿಗೆ ಕಡೀಕೆ 12 ಇರಬೇಕು. ಡಾಕ್ಟರು ಕೇಳಿದ್ರು, ಮುಂಜಾನೆದ್ದು ಏನು ತಿಂತೀರಿ? "ಚಹಾ." ಹನ್ನೊಂದು ಗಂಟೆಕ್ಕ? "ಚಹಾ, ಎರಡು ಬಿಸ್ಕಿಟ್." ಊಟಾ ಎಷ್ಟಕ್ಕ? "ಎರಡೂವರಿಗೆ, ಎಲ್ಲಾರ್ದೂ ಆದ ಮ್ಯಾಲೆ." ಉಂಡಮ್ಯಾಲೆ? "ಒಂದೀಟು ಚಹಾ, ಇಲ್ಲಾಂದ್ರ ಉಂಡಂಗ ಅನಸಂಗಿಲ್ಲ." ಈ ಉತ್ತರ ಯಾರ ಬಾಯಾಗಿಂದು? ಓದೋ ನಿಮ್ಮೊಳಗ ಅರ್ಧಾ ಮಂದೀದು ಇದೇ ಉತ್ತರ. ಮನೀ ಗಂಡಸರಿಗೆ ಎಂಟಕ್ಕ ಉಪ್ಪಿಟ್ಟು, ಹುಡುಗರ ಡಬ್ಬಿಗೆ ಚಪಾತಿ ಪಲ್ಯ, ಅತ್ತೀಗೆ ಮೆತ್ತಗಿನ ಅನ್ನ. ಮಾಡಿದಾಕಿಗೆ ಚಹಾ. ಅದೂ ಎಲ್ಲಾರ್ಗೂ ಕೊಟ್ಟು ಪಾತೇಲ್ಯಾಗ ಉಳದಿದ್ದನ್ನ ಮತ್ತ ಕಾಸಿಕೊಂಡು.

ಚಹಾ ಹಸಿವಿ ಕೊಲ್ತದ. ಬಿಸಿ, ಸಿಹಿ, ಹಾಲು ಮೂರೂ ಕೂಡಿ ಹೊಟ್ಟಿಗೆ ಏನೋ ಬಿದ್ದಂಗ ಅನಸ್ತದ. ಇದು ಹೊಸಾ ಸಂಗತಿ ಅಲ್ಲ. ಇಂಗ್ಲಂಡಿನಾಗ ಗಿರಣಿ ಕಾರ್ಮಿಕರ ಮನ್ಯಾಗ ಒಂದು ಕಾಲಕ್ಕ ಬ್ರೆಡ್ಡು, ಸಕ್ರಿ ಚಹಾನ ಊಟಾ ಆಗಿತ್ತು. ಬಿಸಿ ಅಡಗಿ ಮಾಡಲಿಕ್ಕೆ ಪುರಸತ್ತೂ ಇಲ್ಲ, ರೊಕ್ಕಾನೂ ಇಲ್ಲ. ನಮ್ಮಲ್ಲೂ ಚಹಾದ ಪ್ರಚಾರ ಮಾಡೋರು ಗಿರಣಿಯೊಳಗ, ಖಣಿಯೊಳಗ ಚಹಾ ಅಂಗಡಿ ತೆಗಿಸಿದ್ರು. ದಣದ ಮನುಷ್ಯ ಒಂದು ಕಪ್ಪು ಕುಡದು ಮತ್ತ ಕೆಲಸಕ್ಕ ಹತ್ತಲಿ ಅಂತ. ಗಿರಣಿ ಹೋದ್ವು, ಆ ಲೆಕ್ಕಾಚಾರ ಮಾತ್ರ ನಮ್ಮ ಅಡಗಿಮನ್ಯಾಗ ಉಳೀತು. ಈಗ ದಣದಾಕಿ ನಾವು, ಕೆಲಸಕ್ಕ ಹತ್ತಾಕೀನೂ ನಾವ.

ಇನ್ನ ಉಂಡ ಮ್ಯಾಲಿನ ಚಹಾದ ಮಾತು. ತಲೀಗೆ ಮೆಹಂದಿ ಹಚ್ಚಿಕೊಳ್ಳೋರಿಗೆ ಇದನ್ನ ಭಾಳ ಬಿಡಿಸಿ ಹೇಳಬೇಕಾಗಿಲ್ಲ. ಮೆಹಂದಿ ಕಲಸಲಿಕ್ಕೆ ಚಹಾ ಡಿಕಾಕ್ಷನ್ ಮಾಡಿ ಕಬ್ಬಿಣದ ಕಡಾಯಿಯೊಳಗ ರಾತ್ರಿಯೆಲ್ಲಾ ಇಡ್ತೀರಿ. ಮುಂಜಾನೆ ನೋಡಿದ್ರ ಕರ್ರಗ ಶಾಯಿ ಹಂಗ ಆಗಿರ್ತದ. ಯಾಕ? ಚಹಾದಾಗಿನ ಒಗರು, ಅಂದ್ರ ಟ್ಯಾನಿನ್ ಅಂತಾರಲ್ಲ ಅದು, ಕಡಾಯಿಯ ಕಬ್ಬಿಣ ಹಿಡಕೊಂಡದ. ನಿಮ್ಮ ಹೊಟ್ಟಿಯೊಳಗೂ ಅದೇ ಆಗ್ತದ. ರಾಜಗಿರಿ ಪಲ್ಯ, ಮೆಂತೆ, ಹೆಸರುಕಾಳು, ಜ್ವಾಳದ ರೊಟ್ಟಿಯೊಳಗಿನ ಕಬ್ಬಿಣಾಂಶ ಮೈಗೆ ಹತ್ತೋಕಿಂತ ಮದಲ ಈ ಒಗರು ಅದನ್ನ ಹಿಡಕೊಂಡು ಹೊರಗ ಕಳಿಸ್ತದ. ಕಾಯಿಪಲ್ಯ, ಕಾಳುಕಡಿಯೊಳಗಿನ ಕಬ್ಬಿಣ ಮೊದಲೇ ಮೈಗೆ ಹತ್ತೋದು ಕಡಿಮಿ. ಅದರ ಮ್ಯಾಲೆ ಚಹಾ ಸುರುವಿದ್ರ ಉಳಿಯೋದೇನು?

ಇದು ನನ್ನ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡಿ 2024ರಾಗ ಹೊರಡಿಸಿದ ಆಹಾರದ ಮಾರ್ಗಸೂಚಿಯೊಳಗ ಅದ: ಊಟಕ್ಕ ಒಂದು ತಾಸು ಮುಂಚೆ, ಊಟಾದ ಮ್ಯಾಲೆ ಒಂದು ತಾಸು ಚಹಾ-ಕಾಫಿ ಬ್ಯಾಡ ಅಂತ. ಗ್ರೀನ್ ಟೀ ವೈನಿಯವರು ಇಲ್ಲೆ ಹೆಮ್ಮೆ ಪಡಬ್ಯಾಡ್ರಿ. ಊಟದ ಕೂಡ ಕುಡದ್ರ ನಿಮ್ಮ ಗ್ರೀನ್ ಟೀನೂ ಅದೇ ಕೆಲಸಾ ಮಾಡ್ತದ. "ಬೆಲ್ಲದಾಗ ಕಬ್ಬಿಣ ಅದ" ಅಂತ ಬೆಲ್ಲದ ಚಹಾ ಕುಡಿಯೋರೂ ಕೇಳ್ರಿ. ಕಬ್ಬಿಣಾನೂ ಅದನ್ನ ಕದಿಯೋ ಕಳ್ಳನೂ ಒಂದ ಕಪ್ಪಿನಾಗ ಹಾಕಿ ಕುಡದ್ರ ಏನು ಬಂತು? ಸಕ್ರಿ ಬ್ಯಾನಿ ಇದ್ದವರು ಬೆಲ್ಲಾ ಅಂದ್ರ ಸಕ್ರಿ ಅಲ್ಲ ಅಂತ ತಿಳಕೊಂಡಿದ್ರ ಅದನ್ನೂ ಇವತ್ತ ಮರೀರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದ್ರ ದೇಶದಾಗ 15ರಿಂದ 49 ವರ್ಷದ ಹೆಣ್ಣಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಾ ಕಡಿಮಿ. ನಮ್ಮ ಕರ್ನಾಟಕದಾಗ ನೂರಕ್ಕ ಸುಮಾರು 48. ಎರಡು ಮನೀಗೆ ಒಬ್ಬಾಕಿ ಅಂತ ಹಿಡೀರಿ. ಇದೆಲ್ಲಾ ಚಹಾದಿಂದನ ಆತು ಅಂತ ನಾ ಹೇಳಂಗಿಲ್ಲ. ತಿಂಗಳಾ ಹೋಗೋ ರಕ್ತ, ಮ್ಯಾಲಿಂದ ಮ್ಯಾಲೆ ಬಾಣಂತನ, ಹೊಟ್ಟಿಯೊಳಗಿನ ಹುಳ, ಎಲ್ಲಾಕ್ಕಿಂತ ಹೆಚ್ಚಾಗಿ ತಿನ್ನೋದ ಕಡಿಮಿ. ಆದ್ರ ತಿನ್ನೋದು ಕಡಿಮಿ ಆಗಲಿಕ್ಕೆ ಕಾರಣ ಏನು? ಹಸಿವಿ ಆದಾಗೊಮ್ಮೆ ಚಹಾ ಕುಡಿಯೋದು. ತಿಂದ ನಾಲ್ಕು ತುತ್ತಿನ ಸತ್ವಾ ಮೈಗೆ ಹತ್ತದಂಗ ಮಾಡೋದು ಯಾವುದು? ಅದೂ ಚಹಾ. ಎರಡೂ ಕಡೆ ಅದರ ಕೈ ಅದ.

ಆಶಾ ಕಾರ್ಯಕರ್ತೆಯರು ಬಿಸಿಲಾಗ ಮನೀ ಮನೀಗೆ ಅಡ್ಡಾಡಿ ಕಬ್ಬಿಣದ ಗುಳಿಗಿ ಕೊಟ್ಟು ಹೋಗ್ತಾರ. ಆ ಗುಳಿಗೀನ ನಮ್ಮ ಹೆಣ್ಣಮಕ್ಕಳು ಚಹಾದ ಗುಟುಕಿನ ಜೋಡಿ ನುಂಗ್ತಾರ. ಆಮ್ಯಾಲೆ "ಗುಳಿಗಿ ತಗೊಂಡೆ, ರಕ್ತಾ ಏರಲಿಲ್ಲ" ಅಂತ ದೂರು. ಏರೋದು ಹೆಂಗ? ಗುಳಿಗಿ ನೀರಿನ್ಯಾಗ ತಗೋರಿ, ಇಲ್ಲಾ ಲಿಂಬಿಹಣ್ಣಿನ ಪಾನಕದಾಗ ತಗೋರಿ. ಹುಳಿ ಇದ್ರ ಕಬ್ಬಿಣ ಮೈಗೆ ಹತ್ತೋದು ಹೆಚ್ಚು. ನಮ್ಮ ವಯಸ್ಸಿನವರೊಳಗ ಥೈರಾಯ್ಡ್ ಗುಳಿಗಿ ನುಂಗೋರು ಮನೀಗೊಬ್ಬರು ಇದ್ದಾರ. ಅದನ್ನೂ ಖಾಲಿ ಹೊಟ್ಟೀಲೆ ಬರೇ ನೀರಿನ್ಯಾಗ ತಗೊಂಡು ಅರ್ಧಾ-ಒಂದು ತಾಸು ಬಿಡಬೇಕು. ಗುಳಿಗಿ ಬಾಯಾಗ, ಚಹಾದ ಕಪ್ಪು ಕೈಯಾಗ ಅಂದ್ರ ಗುಳಿಗಿಗೆ ಕೊಟ್ಟ ರೊಕ್ಕಾ ದಂಡ.

ಇನ್ನ ಉಪವಾಸ. ಈ ಮಾತಿಗೆ ಒಂದಿಷ್ಟು ಮಂದಿಗೆ ಸಿಟ್ಟು ಬರ್ತದ, ಬರಲಿ. ಸೋಮವಾರ, ಶನಿವಾರ, ಏಕಾದಶಿ, ಸಂಕಷ್ಟಿ. ಸಂಕಷ್ಟಿ ದಿನಾ ಚಂದ್ರ ಕಾಣೋತನಕ ಊಟಾ ಇಲ್ಲ, ಖರೇ. ಆದ್ರ ಚಹಾ ನಡೀತದ. ಎಷ್ಟು? ಐದು, ಆರು ಕಪ್ಪು, ಎಲ್ಲಾಕ್ಕೂ ಎರಡೆರಡು ಚಮಚಾ ಸಕ್ರಿ. ಬಾಳಿಹಣ್ಣು ನಡೀತದ, ಹಾಲು ನಡೀತದ, ಶೇಂಗಾ ನಡೀತದ, ಖಜೂರಿ ನಡೀತದ. ಅವ್ಯಾವೂ ಬ್ಯಾಡ, ಚಹಾ ಬೇಕು. ಗಣಪ್ಪ ಚಹಾ ಕುಡೀರಿ ಅಂತ ಯಾವ ಶಾಸ್ತ್ರದಾಗ ಹೇಳ್ಯಾನ? ಅವಗ ಪ್ರೀತಿ ಇರೋದು ಮೋದಕ, ಕಡಬು. ಉಪವಾಸ ಮಾಡೋದು ಬ್ಯಾಡ ಅಂತ ನಾ ಹೇಳಂಗಿಲ್ಲ. ಅದು ನಿಮ್ಮ ಭಕ್ತಿ. ಆದ್ರ ಬರೇ ಸಕ್ರಿ ನೀರಿನ ಮ್ಯಾಲೆ ಇದ್ದು, ಸಂಜೀಕ ತಲಿನೋವು, ಪಿತ್ತಾ ಅಂತ ಮಲಗೋದಕ್ಕ ವ್ರತಾ ಅನ್ನಬ್ಯಾಡ್ರಿ.

ಸಕ್ರಿ ಲೆಕ್ಕಾನೂ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದಿನಕ್ಕ 25 ಗ್ರಾಂ ಒಳಗ ಸಕ್ರಿ ಇದ್ರ ಛಲೋ, ಅಂದ್ರ ಆರು ಸಣ್ಣ ಚಮಚಾ. ಎರಡು ಚಮಚಾದ ಮೂರು ಕಪ್ಪಿಗೆ ಅದು ಮುಗೀತು. ಬಿಸ್ಕಿಟ್ಟು, ಹೋಳಿಗಿ, ಪ್ರಸಾದ ಎಲ್ಲಾ ಸಾಲದ ಮ್ಯಾಲೆ ನಡದದ.

ದೊಡ್ಡವರದು ಹೆಂಗರ ಇರಲಿ, ಕೂಸುಗಳದೇನು ತಪ್ಪು? ವರ್ಷ-ಎರಡು ವರ್ಷದ ಕೂಸಿಗೆ ಬಿಸ್ಕಿಟ್ಟು ಚಹಾದಾಗ ಅದ್ದಿ ಬಾಯಾಗ ಇಡ್ತಾರ. "ಎಷ್ಟ ಚಂದ ತಿಂತದ ನೋಡ್ರಿ, ಹಾಲಂದ್ರ ಒಲ್ಲೆ ಅಂತದ, ಚಹಾ ಅಂದ್ರ ಓಡಿ ಬರ್ತದ" ಅಂತ ಬಂದವರ ಮುಂದ ಹೆಮ್ಮೆ ಬ್ಯಾರೆ. ಆ ಕೂಸಿನ ಸಣ್ಣ ಹೊಟ್ಟಿಯೊಳಗ ಗಂಜಿ, ಬ್ಯಾಳಿಕಟ್ಟು, ಬಾಳಿಹಣ್ಣು ಇರಬೇಕಾದ ಜಾಗಾದಾಗ ಚಹಾ ಕೂತದ. ಅದರ ಮೈ ಬೆಳಿಯೋ ಕಾಲದಾಗ ಕಬ್ಬಿಣಾಂಶಕ್ಕ ಕತ್ತರಿ. ಚಹಾ ಕುಡಿಸಿದ ಅಜ್ಜೀಗೆ ಯಾರೂ ಏನೂ ಅನ್ನಂಗಿಲ್ಲ, ಅಜ್ಜಿ ಅಲ್ಲೇನು! ಅನ್ನಬೇಕು. ಮರ್ಯಾದಿಯಿಂದ ಅನ್ರಿ, ಆದ್ರ ಅನ್ರಿ.

ಮನೀ ಕೆಲಸಕ್ಕ ಬರೋ ಹೆಣ್ಣಮಗಳ ವಿಷಯಾನೂ ಇದ್ರಾಗ ಬರ್ತದ. "ನಾ ದಿನಾ ಆಕಿಗೆ ಚಹಾ ಕೊಡ್ತೀನ್ರಿ" ಅಂತ ದೊಡ್ಡ ದಾನಾ ಮಾಡಿದಂಗ ಹೇಳ್ತೀವಿ. ಆಕಿ ಮುಂಜಾನೆ ಆರಕ್ಕ ಮನಿ ಬಿಟ್ಟಿರ್ತಾಳ, ನಾಲ್ಕು ಮನ್ಯಾಗ ಭಾಂಡೆ ತಿಕ್ಕಿ ನಾಲ್ಕು ಮನ್ಯಾಗ ಚಹಾ ಕುಡೀತಾಳ. ಮಧ್ಯಾಹ್ನದ ತನಕ ಆಕಿ ಹೊಟ್ಟಿಯೊಳಗ ನಾಲ್ಕು ಕಪ್ಪು ಚಹಾ ಬಿಟ್ರ ಏನೂ ಇಲ್ಲ. ಒಬ್ಬಾಕಿ ಒಂದು ರೊಟ್ಟಿ, ಒಂದೀಟು ಹಿಂಡಿ, ಮೊಸರು ಕೊಟ್ರ ಆಕಿಗೆ ನಾಲ್ಕು ಕಪ್ಪು ಚಹಾಕ್ಕಿಂತ ಹೆಚ್ಚು. ಕೊಡೋದಾದ್ರ ತಿನ್ನೋದು ಕೊಡ್ರಿ. ನಮ್ಮ ತಾಟಿನಾಗಿಂದ ಕೊಡ್ರಿ, ನಿನ್ನೀದಲ್ಲ.

ಈಗ ನೀವು ಏನಂತೀರಿ ಅದೂ ನನಗ ಗೊತ್ತದ.

"ನಮ್ಮ ಅಜ್ಜಿ ತೊಂಬತ್ತು ವರ್ಷ ಚಹಾ ಕುಡದ ಬದುಕಿದ್ಲು" ಅಂತೀರಿ. ಬದುಕಿರಬೇಕು, ಆದ್ರ ಚಹಾದಿಂದ ಅಲ್ಲ. ಆಕಿ ಮುಂಜಾನೆದ್ದು ತಂಗಳ ರೊಟ್ಟಿ ಮೊಸರಾಗ ಮುರದು, ಮ್ಯಾಲೆ ಅಗಸಿ ಹಿಂಡಿ ಹಾಕಿಕೊಂಡು ತಿಂದು, ಆಮ್ಯಾಲೆ ಬಸಿಯೊಳಗ ಅರ್ಧಾ ಕಪ್ಪು ಕುಡೀತಿದ್ಲು. ರೊಟ್ಟಿ ಜೋಡಿ ಹಸಿ ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ, ಲಿಂಬಿಹಣ್ಣು. ನೀವು ಅಜ್ಜಿಯ ರೊಟ್ಟಿ ಬಿಟ್ರಿ, ಆಕಿ ಚಹಾ ಅಷ್ಟ ಹಿಡಕೊಂಡ್ರಿ, ಅದೂ ಮೂರು ಪಟ್ಟು.

"ಚಹಾ ಬಿಟ್ರ ತಲಿ ನೋಯ್ತದ" ಅಂತೀರಿ. ನೋಯ್ತದ, ಖರೇ. ಚಹಾದಾಗಿನ ಕೆಫೀನ್ ಒಮ್ಮಿಗೇ ನಿಂತ್ರ ಎರಡು-ಮೂರು ದಿನಾ ತಲಿ ಹಿಡಕೊಂಡು ಕೂಡಬೇಕಾಗ್ತದ. ಬಿಡ್ರಿ ಅಂತ ಯಾರು ಅಂದ್ರು? ಆರು ಕಪ್ಪು ಇದ್ರ ಈ ವಾರ ಐದು ಮಾಡ್ರಿ, ಬರೋ ವಾರ ನಾಲ್ಕು. ದೊಡ್ಡ ಕಪ್ಪು ಒಳಗಿಟ್ಟು ಸಣ್ಣದು ತಗೀರಿ. ತಲಿಗೆ ಗೊತ್ತಾಗಂಗಿಲ್ಲ.

"ಬಂದವರಿಗೆ ಚಹಾ ಕೊಡದಿದ್ರ ಅಪಮಾನ" ಅಂತೀರಿ. ಅರಿಷಿಣ ಕುಂಕುಮಕ್ಕ ಹೋದಾಕಿ ಐದು ಮನ್ಯಾಗ ಐದು ಕಪ್ಪು ಕುಡದು ಬರ್ತಾಳ, ಒಲ್ಲೆ ಅಂದ್ರ ಸಿಟ್ಟು. "ಅರ್ಧಾ ಕಪ್ಪರ ತಗೋರಿ" ಅಂತ ಕೈ ಹಿಡದು ಕೂಡಸ್ತಾರ. ಮಾನಾ ಅಂದ್ರ ಬಂದಾಕಿ ಮಾರಿ ನೋಡಿ ಕೇಳೋದು. ಊಟದ ಹೊತ್ತಿಗೆ ಬಂದ್ರ ಊಟಾ ಆತೇನು ಅಂತ ಮದಲ ಕೇಳ್ರಿ. ಬಿಸಿಲಾಗ ಬಂದ್ರ ಮಜ್ಜಿಗಿ ಕೊಡ್ರಿ, ಪಾನಕಾ ಕೊಡ್ರಿ. ಒಲ್ಲೆ ಅಂದಾಕಿಗೆ ಒತ್ತಾಯ ಮಾಡಬ್ಯಾಡ್ರಿ. ಆಕಿಗೆ ಚಹಾ ಬ್ಯಾಡಾಗಿರ್ತದ, ನೀವು ಬ್ಯಾಡಾಗಿರಂಗಿಲ್ಲ.

"ತಿನ್ನಲಿಕ್ಕೆ ಟೈಮ್ ಎಲ್ಲದ" ಅನ್ನೋದು ಕಡೀ ಮಾತು, ಇದೇ ದೊಡ್ಡ ಮಾತು. ಒಬ್ಬರಿಗೆ ಶುಂಠಿದು, ಒಬ್ಬರಿಗೆ ಸಕ್ರಿ ಇಲ್ಲದ್ದು, ಒಬ್ಬರಿಗೆ ಬಿಸಿನೀರಿಂದು ಅಂತ ಮುಂಜಾನೆ ಮೂರು ಸಲ ಒಲಿ ಮುಂದ ನಿಂದ್ರಲಿಕ್ಕೆ ಟೈಮ್ ಅದಲ್ಲ? ಅದರಾಗಿಂದು ಎರಡು ಸಲದ ಟೈಮು ಕಡ ತಗೋರಿ. ಬ್ಯಾರೆ ಥರದ್ದು ಬೇಕಾದವರು ತಮ್ಮದು ತಾವ ಮಾಡಿಕೊಳ್ಳಲಿ. ಹೊರದೇಶದ ಹುಡುಗನಿಗೆ ಅಷ್ಟು ನಿಯಮ ಗೊತ್ತದಂದ್ರ ಮಾಡಲಿಕ್ಕೂ ಬರ್ತದ. ಆ ಹತ್ತು ನಿಮಿಷದಾಗ ಕೂತು ತಿನ್ರಿ. ನಿಂತು ಅಲ್ಲ, ಕೂತು.

ಮಾಡಬೇಕಾದ್ದು ಭಾಳಿಲ್ಲ. ಮುಂಜಾನೆ ಎದ್ದ ಮ್ಯಾಲೆ ಮದಲ ನೀರು, ಆಮ್ಯಾಲೆ ಏನರ ತಿನ್ನೋದು, ಒಂದು ತಾಸು ಬಿಟ್ಟು ಚಹಾ. ಎದ್ದಕೂಡ್ಲೆ ಬೇಕಾ ಬೇಕು ಅನ್ನೋರು ಅದನ್ನ ಕುಡೀರಿ, ಒಂದು ತಾಸಿಗೆ ಹೊಟ್ಟಿತುಂಬ ತಿನ್ರಿ. ಊಟದ ಹಿಂದ-ಮುಂದ ಒಂದೊಂದು ತಾಸು ಚಹಾಕ್ಕ ಸೂಟಿ. ಉಂಡಮ್ಯಾಲೆ ಬಾಯಿ ಕೇಳಿದ್ರ ಒಂದು ಪ್ಯಾರಲ ಹಣ್ಣು, ನೆಲ್ಲಿಕಾಯಿ, ಕಿತ್ತಳಿ. ಇವು ಕಬ್ಬಿಣಾಂಶನ್ನ ಮೈಗೆ ಹಚ್ಚೋವು. ನಾಲ್ಕು ಗಂಟೆ ಚಹಾ ಯಾರೂ ಕಸಗೊಳ್ಳಂಗಿಲ್ಲ. ಅದನ್ನ ಶುಂಠಿ ಹಾಕಿ, ಉಕ್ಕಿಸಿ, ಚೂಡಾ ಜೋಡಿ, ಆರಾಮ ಕೂತು ಕುಡೀರಿ. ಅದಕ್ಕ ಚಹಾ ಇರೋದು.

ಕುಡಿಯೋ ಮುಂದ ಕಡೀಕೆ ಉಳದಿದ್ದನ್ನ ಕಾಸಿಕೊಂಡು ಕುಡೀಬ್ಯಾಡ್ರಿ. ನಿಮ್ಮ ಕಪ್ಪು ಮದಲ ಸೋಸಿಕೊಳ್ರಿ, ಮನಿಯವರದು ಆಮ್ಯಾಲೆ. ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ.